ಬೆಕ್ಕಿಗೆ ಲಸಿಕೆ ಆಗಿದೆ, ವಿಮಾನದ ಟಿಕೆಟ್ ಮಾಡಿಸಿದರೆ ಸಾಕೇ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಗಳಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡಬೇಕು. ನಾಲ್ಕು ವರ್ಷದಿಂದ ಸಾಕಿದ ಬೆಕ್ಕನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾಳೆ. ಬೆಕ್ಕಿಗೆ ರೇಬಿಸ್ ಲಸಿಕೆ ಆಗಿದೆ, ಪುಸ್ತಕವೂ ಇದೆ. ಟಿಕೆಟ್ ಮಾಡಿಸಿದರೆ ಸಾಕೇ, ಇನ್ನೇನಾದರೂ ಬೇಕೇ?

ಉತ್ತರ: ಮಗಳು ಮುಂದಿನ ತಿಂಗಳು ಹೋಗಬಹುದು, ಬೆಕ್ಕು ಬಹುಶಃ ಹೋಗಲಾರದು. ಬೇಸರದ ಮಾತು ನಿಜ. ಆದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಬುಟ್ಟಿ ಹಿಡಿದು ನಿಂತಾಗ ಇದನ್ನು ಕೇಳುವುದಕ್ಕಿಂತ ಈಗಲೇ ಕೇಳುವುದು ಒಳ್ಳೆಯದು. ಬೆಕ್ಕು ಖಂಡಿತ ಜರ್ಮನಿಗೆ ಹೋಗುತ್ತದೆ, ಆದರೆ ಇವತ್ತೇ ಶುರುಮಾಡಿದರೂ ನಾಲ್ಕು ತಿಂಗಳಿಗೆ ಮೇಲೆ ಬೇಕು.

ನಮ್ಮ ಮನೆಯ ಬೆಕ್ಕು ತಮ್ಮನ ಜೊತೆ ಜರ್ಮನಿ ಸೇರಿದ ಮೇಲೆ ಮಾಟುಂಗಾದ ಪರಿಚಯದವರು, ಅವರ ಪರಿಚಯದವರು, ಹೀಗೆ ಎಷ್ಟೋ ಜನ ನನ್ನನ್ನು ಇದೇ ಪ್ರಶ್ನೆ ಕೇಳಿದ್ದಾರೆ. ಎಲ್ಲರೂ ಟಿಕೆಟ್ಟಿನಿಂದ ಶುರುಮಾಡುತ್ತಾರೆ. ಟಿಕೆಟ್ ಕೊನೆಯ ಕೆಲಸ. ಮೊದಲು ಅಡುಗೆಮನೆಯ ಗೋಡೆಯಿಂದ ಕಾಲನಿರ್ಣಯ ಕ್ಯಾಲೆಂಡರ್ ಇಳಿಸಿ, ಮೇಜಿನ ಮೇಲೆ ಬಿಡಿಸಿಡಿ.

ಯುರೋಪಿಯನ್ ಒಕ್ಕೂಟ ಹೊರದೇಶಗಳನ್ನು ರೇಬಿಸ್ ದೃಷ್ಟಿಯಿಂದ ಎರಡು ಗುಂಪು ಮಾಡಿದೆ. ರೇಬಿಸ್ ಹತೋಟಿಯಲ್ಲಿದೆ ಎಂದು ಒಪ್ಪಿಕೊಂಡ ದೇಶಗಳ ಪಟ್ಟಿ ಒಂದು, ಆ ಪಟ್ಟಿಯಲ್ಲಿ ಇಲ್ಲದ ದೇಶಗಳು ಇನ್ನೊಂದು. ಭಾರತ ಪಟ್ಟಿಯಲ್ಲಿಲ್ಲ. ಹುಚ್ಚುನಾಯಿ ಕಡಿತದಿಂದ ನಮ್ಮಲ್ಲಿ ಈಗಲೂ ಜನ ಸಾಯುತ್ತಿರುವಾಗ ಅದನ್ನು ಅನ್ಯಾಯ ಅನ್ನಲು ಬರುವುದಿಲ್ಲ. ಹಾಗಾಗಿ ಇಲ್ಲಿಂದ ಹೋಗುವ ಬೆಕ್ಕು ನಾಯಿಗಳಿಗೆ ಲಸಿಕೆ ಒಂದೇ ಸಾಲದು. ಲಸಿಕೆ ಮೈಗೆ ಹತ್ತಿದೆ ಎಂಬುದನ್ನು ರಕ್ತ ಪರೀಕ್ಷೆಯಿಂದ ತೋರಿಸಬೇಕು, ತೋರಿಸಿದ ಮೇಲೂ ಕಾಯಬೇಕು.

ಕ್ರಮ ಹೀಗೆ. ಮೊದಲು ಮೈಕ್ರೋಚಿಪ್. ಅಕ್ಕಿಕಾಳಿನಷ್ಟು ದೊಡ್ಡದು, ಸೂಜಿಯಿಂದ ಭುಜಗಳ ನಡುವಿನ ಚರ್ಮದ ಕೆಳಗೆ ಇಡುತ್ತಾರೆ. ಐಎಸ್ಒ 11784 ಮತ್ತು 11785 ಮಾನದಂಡದ್ದಾಗಿರಬೇಕು, 15 ಅಂಕಿಯ ಸಂಖ್ಯೆ ಇರುತ್ತದೆ. ಇನ್ನು ಮುಂದೆ ನಿಮ್ಮ ಬೆಕ್ಕಿನ ಗುರುತು ಆ ಸಂಖ್ಯೆಯೇ. ಚಿಪ್ ಆದ ದಿನವೇ ಅಥವಾ ಆಮೇಲೆ ರೇಬಿಸ್ ಲಸಿಕೆ. ಆಗ ಬೆಕ್ಕಿಗೆ ಕಡೇಪಕ್ಷ 12 ವಾರ ತುಂಬಿರಬೇಕು. ಲಸಿಕೆಯಿಂದ ಕನಿಷ್ಠ 30 ದಿನ ಕಳೆದ ಮೇಲೆ ವೈದ್ಯರು ರಕ್ತ ತೆಗೆಯಬೇಕು. ಅದರ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಯುರೋಪಿಯನ್ ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ತಣ್ಣಗೆ ಹೋಗಿ ಸೇರಬೇಕು. ಅಲ್ಲಿ ರೇಬಿಸ್ ಪ್ರತಿಕಾಯದ (ರೋಗವನ್ನು ಎದುರಿಸಲು ಮೈ ತಯಾರಿಸಿಕೊಳ್ಳುವ ಅಂಶ) ಪ್ರಮಾಣ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಹೆಚ್ಚು ಬಂದರೆ ಪಾಸು. ಅದಾದ ಮೇಲೆ ಮೂರು ತಿಂಗಳ ಕಾಯುವಿಕೆ. ಈ ಮೂರು ತಿಂಗಳು ರಕ್ತ ತೆಗೆದ ದಿನದಿಂದ ಲೆಕ್ಕ, ವರದಿ ಕೈಗೆ ಬಂದ ದಿನದಿಂದ ಅಲ್ಲ. ಪ್ರಯೋಗಾಲಯದವರು ತಡಮಾಡಿದರು ಅಂತ ಗಾಬರಿಯಾಗಬೇಡಿ, ಆ ದಿನಗಳೂ ಕಾಯುವಿಕೆಯ ಒಳಗೇ ಸೇರುತ್ತವೆ.

ರಕ್ತದಲ್ಲಿ ಪ್ರತಿಕಾಯ ಕಂಡ ಮೇಲೂ ಯಾಕೆ ಕಾಯಬೇಕು ಎಂದು ಅಮ್ಮ ನನ್ನನ್ನು ಕೇಳಿದ್ದರು. ಪ್ರತಿಕಾಯ ಲಸಿಕೆಯಿಂದಲೂ ಬರಬಹುದು, ಅಪರೂಪಕ್ಕೆ ರೋಗ ಒಳಹೊಕ್ಕಿದ್ದರಿಂದಲೂ ಬರಬಹುದು. ರೇಬಿಸ್ ಕಚ್ಚಿದ ಮರುದಿನವೇ ತಲೆ ಎತ್ತುವ ಕಾಯಿಲೆಯಲ್ಲ, ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತದೆ. ರಕ್ತ ತೆಗೆದ ದಿನ ಒಳಗೇನಾದರೂ ಇದ್ದರೆ ಈ ಮೂರು ತಿಂಗಳಲ್ಲಿ ಹೊರಬೀಳುತ್ತದೆ ಎಂಬುದು ಲೆಕ್ಕಾಚಾರ. ಅಧಿಕಾರಿಗಳ ಹಠ ಅಂದುಕೊಂಡಿದ್ದ ಅಮ್ಮನಿಗೆ ಇದು ಗೊತ್ತಾದ ಮೇಲೆ ಸಮಾಧಾನವಾಯಿತು.

ನಿಮ್ಮ ಪತ್ರದಲ್ಲಿ ಲಸಿಕೆಯ ಮಾತಿದೆ, ಚಿಪ್ಪಿನ ಮಾತಿಲ್ಲ. ಚಿಪ್ ಇಲ್ಲದಿದ್ದರೆ ಪುಸ್ತಕದಲ್ಲಿರುವ ರೇಬಿಸ್ ಲಸಿಕೆ ಬೆಕ್ಕನ್ನು ಕಾಪಾಡುತ್ತದೆ, ಆದರೆ ಪ್ರಯಾಣದ ಲೆಕ್ಕಕ್ಕೆ ಬರುವುದಿಲ್ಲ. ಆ ಚುಚ್ಚುಮದ್ದು ಇದೇ ಬೆಕ್ಕಿಗೆ ಬಿದ್ದದ್ದು ಎನ್ನಲು ಅವರಿಗೆ ಆಧಾರ ಬೇಕಲ್ಲ. ನಾವು ಎಡವಿದ್ದೂ ಇಲ್ಲಿಯೇ. ನಾವು ಹೋದ ಕ್ಲಿನಿಕ್ಕಿನಲ್ಲಿ ಮೊದಲು ಲಸಿಕೆ ಹಾಕಿ, ಚಿಪ್ ಸ್ಟಾಕ್ ಇಲ್ಲವೆಂದು ಎರಡು ವಾರ ಬಿಟ್ಟು ಚಿಪ್ ಹಾಕಿದರು. ದಿನಾಂಕ ಹಿಂದುಮುಂದಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ರಕ್ತ ತೆಗೆಯಲು ಹೋದಾಗ ಇನ್ನೊಬ್ಬ ವೈದ್ಯರು ಪುಸ್ತಕ ತಿರುವಿ, ಮತ್ತೆ ಲಸಿಕೆ ಹಾಕಿಸಿ, ಮತ್ತೆ 30 ದಿನ ಎಣಿಸಿ ಎಂದರು. ತಮ್ಮ ಒಬ್ಬನೇ ಹೊರಟ. ಬೆಕ್ಕು ಅವನ ಖಾಲಿ ಹಾಸಿಗೆಯ ಮೇಲೆ ಮಲಗಿಕೊಂಡು ತಿಂಗಳುಗಟ್ಟಲೆ ಬಾಗಿಲು ನೋಡಿತು. ಅದಕ್ಕೇ ಹೇಳುವುದು, ಕ್ಲಿನಿಕ್ಕಿಗೆ ಹೋಗುವ ಮುಂಚೆ ಫೋನ್ ಮಾಡಿ ಚಿಪ್ ಇದೆಯೇ, ಚಿಪ್ ಓದುವ ಯಂತ್ರ ಇದೆಯೇ ಕೇಳಿ. ಹಾಕಿದ ತಕ್ಷಣ ನಿಮ್ಮ ಎದುರಲ್ಲೇ ಓದಿಸಿ, ಸಂಖ್ಯೆ ಪುಸ್ತಕದಲ್ಲಿ ಬರೆಸಿ, ಆಮೇಲೆ ಲಸಿಕೆಯ ಸ್ಟಿಕ್ಕರ್, ಬ್ಯಾಚ್ ನಂಬರ್, ದಿನಾಂಕ.

ಒಂದು ವೇಳೆ ಚಿಪ್ ಮೊದಲೇ ಇದ್ದು, ಲಸಿಕೆ ಅದರ ನಂತರ ಬಿದ್ದು, ಅವಧಿಯೂ ಮುಗಿಯದೇ ಇದ್ದರೆ, 30 ದಿನ ಆಗಿದ್ದ ಪಕ್ಷದಲ್ಲಿ ನಾಳೆಯೇ ರಕ್ತ ತೆಗೆಸಬಹುದು. ಒಂದು ತಿಂಗಳು ಉಳಿಯಿತು.

ಈಗ ಕ್ಯಾಲೆಂಡರ್ ನೋಡಿ. ಮೇ 10ಕ್ಕೆ ಚಿಪ್ಪೂ ಲಸಿಕೆಯೂ ಆಯಿತು ಎನ್ನೋಣ. ಜೂನ್ 10ಕ್ಕೆ ರಕ್ತ. ಸೆಪ್ಟೆಂಬರ್ 10 ದಾಟಿದ ಮೇಲೆ ಪ್ರಯಾಣ. ಪರೀಕ್ಷೆಯಲ್ಲಿ 0.5ಕ್ಕಿಂತ ಕಡಿಮೆ ಬಂದರೆ ಮತ್ತೆ ಲಸಿಕೆ ಹಾಕಿಸಿ ಮತ್ತೆ ರಕ್ತ ಕಳಿಸಬೇಕು. ಜೀವನದಲ್ಲಿ ಮೊದಲ ಸಲ ಲಸಿಕೆ ಪಡೆದ ಎಳೆಯ ಪ್ರಾಣಿಗಳಲ್ಲಿ ಹಾಗಾಗುವುದುಂಟು. ನಿಮ್ಮದು ವರ್ಷವರ್ಷವೂ ಲಸಿಕೆ ಪಡೆದ ಬೆಕ್ಕಾದರೆ ಆ ಭಯ ಕಡಿಮೆ.

ಕೊನೆಯ 10 ದಿನ ಮಾತ್ರ ಓಡಾಟ. ಭಾರತದಿಂದ ಪ್ರಾಣಿ ಹೊರಹೋಗುವಾಗ ಆರೋಗ್ಯ ಪ್ರಮಾಣಪತ್ರ ಕೊಡುವುದು ಕೇಂದ್ರ ಪಶುಸಂಗೋಪನಾ ಇಲಾಖೆಯ ಎಕ್ಯೂಸಿಎಸ್, ಅಂದರೆ ಅನಿಮಲ್ ಕ್ವಾರಂಟೈನ್ ಅಂಡ್ ಸರ್ಟಿಫಿಕೇಶನ್ ಸರ್ವಿಸಸ್ ಕಚೇರಿ. ಮುಂಬೈಯಲ್ಲಿ ಅದರ ಪ್ರಾದೇಶಿಕ ಕಚೇರಿ ಇದೆ, ಬೆಂಗಳೂರಿನಲ್ಲೂ ಇದೆ. ಯುರೋಪಿನ ನಮೂನೆಯ ಪ್ರಮಾಣಪತ್ರ ಸರ್ಕಾರಿ ಪಶುವೈದ್ಯಾಧಿಕಾರಿಯ ಸಹಿಯಾದ ದಿನದಿಂದ 10 ದಿನದೊಳಗೆ ಬೆಕ್ಕು ಯುರೋಪಿನ ನೆಲ ಮುಟ್ಟಬೇಕು. ಆ 10 ದಿನದ ನಡುವೆ ಗಣೇಶ ಚತುರ್ಥಿ ಬಂದು, ಎರಡು ಬದಿಗೆ ಶನಿವಾರ ಭಾನುವಾರ ಅಂಟಿಕೊಂಡರೆ ಮುಂಬೈಯಲ್ಲಿ ಏನು ಉಳಿಯುತ್ತದೆ ಎಂದು ನಿಮಗೇ ಗೊತ್ತು. ರಜೆಯ ಕೆಂಪು ಅಂಕಿಗಳನ್ನು ನೋಡಿಕೊಂಡೇ ವಿಮಾನದ ದಿನ ಆರಿಸಿ. ಪ್ರಮಾಣಪತ್ರ ಭರ್ತಿಯಾದ ಮೇಲೆ ಚಿಪ್ಪಿನ 15 ಅಂಕಿಯನ್ನು ಲಸಿಕೆ ಪುಸ್ತಕ, ರಕ್ತದ ವರದಿ, ಪ್ರಮಾಣಪತ್ರ ಮೂರರಲ್ಲೂ ಬೆರಳಿಟ್ಟು ಓದಿ. ಒಂದಂಕಿ ತಪ್ಪಿದರೂ ಕಾಗದಕ್ಕೆ ಅದು ಬೇರೆ ಬೆಕ್ಕು.

ಟಿಕೆಟ್ಟಿಗೆ ಈಗ ಬರೋಣ. ಹಣ ಕಟ್ಟುವ ಮುಂಚೆ ವಿಮಾನ ಸಂಸ್ಥೆಗೆ ಫೋನ್ ಮಾಡಿ ಬೆಕ್ಕಿಗೆ ಜಾಗ ಇದೆಯೇ ಎಂದು ಕೇಳಬೇಕು. ಒಂದು ವಿಮಾನದ ಕ್ಯಾಬಿನ್ನಿನಲ್ಲಿ ಕೆಲವೇ ಪ್ರಾಣಿಗಳಿಗೆ ಅವಕಾಶ. ಮುಂಬೈಯಿಂದ ಜರ್ಮನಿಗೆ ನೇರ ಹಾರುವ ಲುಫ್ತಾನ್ಸಾದಲ್ಲಿ ಚೀಲವೂ ಸೇರಿ 8 ಕಿಲೋ ಒಳಗಿನ ಬೆಕ್ಕು ನಾಯಿ ಕಾಲ ಬಳಿ ಕೂರಬಹುದು. ಎಮಿರೇಟ್ಸ್ ಬೆಕ್ಕು ನಾಯಿಯನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ. ಸಾಮಾನ್ಯವಾದ ನಮ್ಮ ಬೀದಿ ತಳಿಯ ಬೆಕ್ಕು ನಾಲ್ಕೈದು ಕಿಲೋ ತೂಗುವುದರಿಂದ ನಿಮಗೆ ಕ್ಯಾಬಿನ್ ಸಾಧ್ಯ. ಆದಷ್ಟು ನೇರ ವಿಮಾನವನ್ನೇ ಹಿಡಿಯಿರಿ. ಎರಡು ಸಾವಿರ ರೂಪಾಯಿ ಉಳಿಸಲು ನಡುವೆ ಇಳಿದು ಹತ್ತುವ ಟಿಕೆಟ್ ಮಾಡಿಸಿ ಬೆಕ್ಕನ್ನು ದಣಿಸಬೇಡಿ.

ನಾಯಿ ದೊಡ್ಡದಾದರೆ ಕೆಳಗಿನ ಸಾಮಾನು ವಿಭಾಗದಲ್ಲಿ, ಗಾಳಿ ಒತ್ತಡ ಸರಿಯಿರುವ ಜಾಗದಲ್ಲಿ ಹೋಗುತ್ತದೆ. ಪೆಟ್ಟಿಗೆಯೊಳಗೆ ಅದು ತಲೆ ತಗಲದಂತೆ ನಿಲ್ಲಬೇಕು, ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು ಎಂಬುದು ವಿಮಾನ ಸಂಸ್ಥೆಗಳ ಒಕ್ಕೂಟ ಐಯಾಟಾದ ನಿಯಮ. ಪಗ್, ಬುಲ್‌ಡಾಗ್, ಪರ್ಷಿಯನ್ ಬೆಕ್ಕಿನಂಥ ಚಪ್ಪಟೆ ಮೂಗಿನವುಗಳಿಗೆ ಉಸಿರಾಟವೇ ಕಷ್ಟ, ಅನೇಕ ಸಂಸ್ಥೆಗಳು ಅವನ್ನು ಕೆಳಗಿನ ವಿಭಾಗಕ್ಕೆ ತೆಗೆದುಕೊಳ್ಳುವುದಿಲ್ಲ. ಪಿಟ್‌ಬುಲ್, ಬುಲ್ ಟೆರಿಯರ್‌ನಂಥ ನಾಲ್ಕು ತಳಿಗಳ ನಾಯಿಗೆ ಜರ್ಮನಿಯೊಳಗೆ ಪ್ರವೇಶವೇ ಇಲ್ಲ.

ಮಗಳು ಮೊದಲು ಹೋಗಿ ಬೆಕ್ಕು ಆಮೇಲೆ ಹೋಗಬಹುದೇ? ಹೋಗಬಹುದು, ಆದರೆ ಸಾಕುಪ್ರಾಣಿಯ ಸರಳ ನಿಯಮ ಅನ್ವಯಿಸಬೇಕಾದರೆ ಒಡೆಯರ ಪ್ರಯಾಣಕ್ಕೂ ಪ್ರಾಣಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಮೀರಿದರೆ ವ್ಯಾಪಾರದ ಪ್ರಾಣಿಗಳ ನಿಯಮ ಬೀಳುತ್ತದೆ, ಅದರ ಕಾಗದ ಪತ್ರ ಬೇರೆ. ನಮ್ಮ ತಮ್ಮ ರಜೆ ಹಾಕಿ ಬಂದು ಕರೆದುಕೊಂಡು ಹೋದ. ನಿಮ್ಮ ಮಗಳಿಗೂ ಅದೇ ಸುಲಭದ ದಾರಿ. ಅಲ್ಲಿಯವರೆಗೆ ಬೆಕ್ಕು ನಿಮ್ಮ ಬಳಿಯೇ ಇರಲಿ. ಸೊಸೈಟಿಯ ವಾಚ್‌ಮನ್ ನೋಡಿಕೊಳ್ಳುತ್ತಾನೆ ಎಂದು ಕೆಳಗೆ ಬಿಡಬೇಡಿ. ಮನೆಯೊಳಗೆ ಬೆಳೆದ ಬೆಕ್ಕು ಅಂಗಳದ ಬೆಕ್ಕುಗಳ ನಡುವೆ ಬದುಕುವುದು ಕಷ್ಟ, ಹಸಿವು ನೀರಡಿಕೆಗೆ ದೂಡಿ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಹದಿನೈದು ದಾಟಿದ, ಕಿಡ್ನಿ ಸೋತ ಬೆಕ್ಕಾಗಿದ್ದರೆ ನಾನು ಹೋಗುವುದೇ ಬೇಡ, ಅಜ್ಜಿಯ ಮಡಿಲಲ್ಲೇ ಇರಲಿ ಎನ್ನುತ್ತಿದ್ದೆ. ನಾಲ್ಕು ವರ್ಷದ್ದು ಹೊಸ ಊರಿಗೆ ಹೊಂದಿಕೊಳ್ಳುತ್ತದೆ.

ಕಾಯುವ ತಿಂಗಳುಗಳನ್ನು ಬುಟ್ಟಿಯ ಅಭ್ಯಾಸಕ್ಕೆ ಬಳಸಿ. ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ನನ್ನ ಮಟ್ಟಿಗೆ ಇದೇ ದೊಡ್ಡದು. ಬುಟ್ಟಿ ಕಂಡರೆ ಡಾಕ್ಟರ್ ನೆನಪಾಗಿ ಮಂಚದ ಕೆಳಗೆ ಓಡುವ ಬೆಕ್ಕು ಎಂಟೊಂಬತ್ತು ಗಂಟೆ ಅದರಲ್ಲಿ ಹೇಗೆ ಕೂರುತ್ತದೆ? ನಾವು ಪ್ರಯಾಣದ ಮೆತ್ತನೆ ಚೀಲವನ್ನೇ ಮೊದಲು ತಂದು, ಬಾಯಿ ತೆರೆದು, ಅಮ್ಮನ ಹಳೆಯ ಕಾಟನ್ ಸೀರೆ ಹಾಸಿ ನಡುಮನೆಯಲ್ಲಿಟ್ಟೆವು. ಮೊದಲ ವಾರ ಅದು ತಿರುಗಿ ನೋಡಲಿಲ್ಲ. ಊಟದ ತಟ್ಟೆ ಚೀಲದ ಹತ್ತಿರ, ಆಮೇಲೆ ಬಾಯಿಯ ಬಳಿ, ಆಮೇಲೆ ಒಳಗೆ. ಮೂರನೆಯ ವಾರ ಮಧ್ಯಾಹ್ನದ ನಿದ್ದೆ ಅಲ್ಲೇ. ಅನಂತರ ಜಿಪ್ ಎಳೆದು ಎರಡು ನಿಮಿಷ, ಹತ್ತು ನಿಮಿಷ, ಟ್ಯಾಕ್ಸಿಯಲ್ಲಿ ಫೈವ್ ಗಾರ್ಡನ್ಸ್ ಸುತ್ತಿ ಒಂದು ಬಳಸು. ಡೊಂಬಿವಲಿಯಲ್ಲಿ ನಿಮಗೆ ರಿಕ್ಷಾ ಇದೆ, ಆ ಕುಲುಕಾಟಕ್ಕೆ ಹೊಂದಿಕೊಂಡ ಬೆಕ್ಕಿಗೆ ವಿಮಾನ ಏನೂ ಅನ್ನಿಸುವುದಿಲ್ಲ. ಎದೆಗೆ ಕಟ್ಟುವ ಪಟ್ಟಿಯನ್ನೂ ಅಭ್ಯಾಸ ಮಾಡಿಸಿ. ಭದ್ರತಾ ತಪಾಸಣೆಯಲ್ಲಿ ಚೀಲ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ, ಬೆಕ್ಕನ್ನು ತೋಳಲ್ಲಿ ಎತ್ತಿಕೊಂಡು ದಾಟಬೇಕು. ಆ ಗದ್ದಲದಲ್ಲಿ ಪಟ್ಟಿಯಿಲ್ಲದ ಬೆಕ್ಕು ಜಿಗಿದರೆ ಹಿಡಿಯುವುದು ಸುಲಭವಲ್ಲ.

ಹೊರಡುವ ನಾಲ್ಕೈದು ಗಂಟೆ ಮುಂಚೆ ಸ್ವಲ್ಪವೇ ಊಟ, ನೀರು ಬೇಕಾದಷ್ಟು, ಚೀಲದ ತಳಕ್ಕೆ ಹೀರುವ ಪ್ಯಾಡ್. ನಿದ್ದೆ ಮಾತ್ರೆ ಬೇಡವೇ ಬೇಡ. ಎತ್ತರದಲ್ಲಿ ಅದು ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಅಪಾಯ. ಮ್ಯೂನಿಕ್‌ನಲ್ಲಿ ಇಳಿದ ಮೇಲೆ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ ಹೋಗಿ ಬೆಕ್ಕಿದೆ ಎಂದು ಹೇಳಿ ಕಾಗದ ತೋರಿಸಬೇಕು.

ಬೇರೆ ದೇಶಕ್ಕೆ ಹೋಗುವ ಓದುಗರಿಗೆ ಎರಡು ಮಾತು. ಬ್ರಿಟನ್ನಿಗೂ ಚಿಪ್, ಲಸಿಕೆ, 30 ದಿನ, ರಕ್ತ, ಮೂರು ತಿಂಗಳು ಇದೇ ಸರಣಿ. ಆದರೆ ಅಲ್ಲಿಗೆ ವಿಮಾನದಲ್ಲಿ ಹೋಗುವ ಸಾಕುಪ್ರಾಣಿ ಕಾರ್ಗೋ ಆಗಿಯೇ ಇಳಿಯಬೇಕು. ಜಪಾನಿಗೆ ಚಿಪ್ಪಿನ ನಂತರ ಎರಡು ರೇಬಿಸ್ ಲಸಿಕೆ, ರಕ್ತ ಪರೀಕ್ಷೆ, 180 ದಿನ ಕಾಯುವಿಕೆ. ಅಮೆರಿಕ 2024ರ ಆಗಸ್ಟ್ 1ರಿಂದ ನಾಯಿಗಳ ನಿಯಮ ಬಿಗಿ ಮಾಡಿದೆ, ಆರು ತಿಂಗಳು ತುಂಬದ ನಾಯಿಗೆ ಪ್ರವೇಶವಿಲ್ಲ. ಆಸ್ಟ್ರೇಲಿಯಕ್ಕೆ ಭಾರತದಿಂದ ನೇರವಾಗಿ ಕರೆದೊಯ್ಯಲು ಬರುವುದೇ ಇಲ್ಲ.

ನಿಮ್ಮ ಬೆಕ್ಕಿನ ವಿಷಯಕ್ಕೆ ಮರಳಿದರೆ, ರಕ್ತ ಪರೀಕ್ಷೆ ಒಮ್ಮೆ ಪಾಸಾದ ಮೇಲೆ, ರೇಬಿಸ್ ಲಸಿಕೆಯ ಅವಧಿ ಒಂದು ದಿನವೂ ತಪ್ಪದಂತೆ ಮುಂದುವರಿಸಿದರೆ, ಯುರೋಪಿನ ಮಟ್ಟಿಗೆ ಆ ವರದಿ ಬೆಕ್ಕಿನ ಜೀವಮಾನವಿಡೀ ನಡೆಯುತ್ತದೆ. ಒಂದು ದಿನ ತಪ್ಪಿದರೆ ಮತ್ತೆ ಮೊದಲಿಂದ. ಹಾಗಾಗಿ ನಾಳೆ ಕ್ಲಿನಿಕ್ಕಿನಿಂದ ಬಂದ ಕೂಡಲೇ ಮುಂದಿನ ಲಸಿಕೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದರ ಒಂದು ಫೋಟೋ ಮಗಳಿಗೂ ಕಳಿಸಿ.