ಹರ್ಮಯೋನಿ ಯಾರ ಮನೆ ಸೊಸೆ?

ಹ್ಯಾರಿ ಪಾಟರ್ ಓದಿದವರಿಗೆಲ್ಲ ಗೊತ್ತು, ಹ್ಯಾರಿಯ ಗೆಳತಿ ಹರ್ಮಯೋನಿ ಮದುವೆಯಾದದ್ದು ಇನ್ನೊಬ್ಬ ಗೆಳೆಯ ರಾನ್ ವೀಸ್ಲಿಯನ್ನು. 2007ರಲ್ಲಿ ಬಂದ ಏಳನೇ ಪುಸ್ತಕದ ಕೊನೆಯ ಪುಟಗಳಲ್ಲಿ ಅದು ಅಚ್ಚಾಗಿದೆ, ಇಬ್ಬರು ಮಕ್ಕಳ ಸಮೇತ. ಆದರೆ 2025ರ ಒಂದೇ ವರ್ಷದಲ್ಲಿ ಇಂಗ್ಲಿಷಿನ ದೊಡ್ಡ ಪ್ರಕಾಶಕರಿಂದ ಬಂದ ಮೂರು ಕಾದಂಬರಿಗಳ ಬೇರು ಕೆದಕಿದರೆ, ಮೂರರಲ್ಲೂ ಅವಳು ಸಿಕ್ಕುವುದು ಡ್ರೇಕೋ ಮಾಲ್ಫಾಯ್ ಪಕ್ಕದಲ್ಲಿ. ಎರಡನೇ ಪುಸ್ತಕದಲ್ಲಿ ಅವಳ ಹುಟ್ಟನ್ನೇ ಹಿಡಿದು ಬೈದನಲ್ಲ, ಅದೇ ಹುಡುಗ. ಅಭಿಮಾನಿಗಳು ವರ್ಷಗಟ್ಟಲೆ ಕೂತು ಬರೆದು ಪುಕ್ಕಟೆ ಓದಲು ಬಿಟ್ಟಿದ್ದ ಕಥೆಗಳು ಹೆಸರು, ಊರು, ಮಂತ್ರದಂಡಗಳನ್ನೆಲ್ಲ ಬದಲಿಸಿಕೊಂಡು ಅಂಗಡಿಗೆ ಬಂದವು. ಆ ವಲಯದಲ್ಲಿ ಇದಕ್ಕೆ ‘ನಂಬರು ಉಜ್ಜುವುದು’ ಅನ್ನುತ್ತಾರೆ. ಗಾಡಿಯ ಚಾಸಿ ನಂಬರು ಉಜ್ಜಿ ಮಾರುತ್ತಾರಲ್ಲ, ಹಾಗೆ.

ಅಲ್ಲಿಂದ ಶುರುವಾದ ಜಗಳ ಈಗ ಯಾರಿಗೂ ಬುಡ ತುದಿ ಗೊತ್ತಾಗದ ಹಾಗೆ ಗೋಜಲಾಗಿದೆ. ಇನ್ನೊಬ್ಬರ ಪಾತ್ರದ ಮುಂದಿನ ಬದುಕನ್ನು ಬರೆಯುವುದು ಪ್ರೀತಿಯೋ ಕಳ್ಳತನವೋ? ಪುಸ್ತಕ ಮುಗಿದ ಮೇಲೆ ಲೇಖಕಿ ಆಡುವ ಮಾತು ಪುಸ್ತಕದ ಭಾಗವೋ ಅಲ್ಲವೋ? ಪುಕ್ಕಟೆ ಬರೆದದ್ದನ್ನು ಮಾರಬಹುದೇ? ಒಂದೊಂದೂ ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ಪ್ರಶ್ನೆ. ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಜಗಳಾಡುತ್ತಿರುವುದರಿಂದಲೇ ಈ ಗೋಜಲು.

ಇಂಥ ಮಾತು ಬಂದ ಕೂಡಲೇ ನಮ್ಮಲ್ಲಿ ಒಬ್ಬರಾದರೂ ‘ಇದೆಲ್ಲ ನಮ್ಮ ಕಡೆ ಹಿಂದಿನಿಂದಲೂ ಇತ್ತು’ ಎಂದು ಕೈ ಎತ್ತುತ್ತಾರೆ. ಇತ್ತು, ನಿಜ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ ಎಂದು ಕುಮಾರವ್ಯಾಸ ಹೇಳಿಯೇ ಬಿಟ್ಟಿದ್ದಾನೆ. ವಾಲ್ಮೀಕಿ ಹೆಚ್ಚು ಮಾತಾಡದೆ ಬಿಟ್ಟ ಊರ್ಮಿಳೆಗೆ ಕುವೆಂಪು ತಪಸ್ಸಿನ ಹದಿನಾಲ್ಕು ವರ್ಷಗಳನ್ನು ಕೊಟ್ಟರು. ತಾಳಮದ್ದಳೆಯಲ್ಲಿ ‘ಕರ್ಣಭೇದನ’ ಇಟ್ಟರೆ ಒಬ್ಬ ಅರ್ಥಧಾರಿಯ ಕರ್ಣ ತಾಯಿಯ ಹೆಸರು ಕೇಳಿ ಕುಸಿಯುತ್ತಾನೆ, ಮರುರಾತ್ರಿ ಇನ್ನೊಬ್ಬರ ಕರ್ಣ ಕೃಷ್ಣನನ್ನೇ ಪಾಟೀಸವಾಲಿಗೆ ಎಳೆಯುತ್ತಾನೆ. ಆದರೆ ಈ ಹೋಲಿಕೆ ಸ್ವಲ್ಪ ದೂರ ನಡೆದು ಕುಂಟುತ್ತದೆ. ಕರ್ಣ ಯಾರ ಆಸ್ತಿಯೂ ಅಲ್ಲ. ವಾಲ್ಮೀಕಿ ಯಾರಿಗೂ ಲಾಯರ್ ನೋಟಿಸು ಕಳಿಸಲಿಲ್ಲ. ಪಾತ್ರಕ್ಕೊಬ್ಬ ಯಜಮಾನ ಇರುವುದು, ಅವನು ಬದುಕಿರುವುದು, ಅವನ ಪುಸ್ತಕ ಮಾರಾಟದಲ್ಲಿರುವುದು, ಈ ಮೂರೂ ಕೂಡಿದಾಗಲೇ ತಕರಾರು ಹುಟ್ಟುತ್ತದೆ. ಆ ಕಥೆ ನಡೆದದ್ದು ಹೆಚ್ಚಾಗಿ ಯುರೋಪು ಮತ್ತು ಅಮೆರಿಕದಲ್ಲಿ.

1614ರಲ್ಲಿ ಸ್ಪೇನಿನಲ್ಲಿ ಯಾರೋ ಒಬ್ಬರು ಸುಳ್ಳು ಹೆಸರಲ್ಲಿ ‘ಡಾನ್ ಕಿಹೋಟೆ’ ಕಾದಂಬರಿಯ ಎರಡನೇ ಭಾಗ ಬರೆದು ಅಚ್ಚು ಹಾಕಿಸಿದರು. ಮೂಲ ಲೇಖಕ ಸರ್ವಾಂಟೀಸ್ ಮರುವರ್ಷವೇ ತನ್ನ ಎರಡನೇ ಭಾಗ ತಂದು, ಕೊನೆಯಲ್ಲಿ ನಾಯಕನನ್ನು ಸಾಯಿಸಿದ. ಇನ್ಯಾರೂ ಅವನನ್ನು ಎಬ್ಬಿಸಿ ಕುದುರೆ ಹತ್ತಿಸದಿರಲಿ ಎಂದು. ಜೇನ್ ಆಸ್ಟಿನ್ ಹಾಗಲ್ಲ, ಅವರಿಗೇ ಈ ಚಟವಿತ್ತು. 1813ರಲ್ಲಿ ಲಂಡನ್ನಿನ ಚಿತ್ರ ಪ್ರದರ್ಶನವೊಂದಕ್ಕೆ ಹೋಗಿ ಬಂದು ಅಕ್ಕನಿಗೆ ಕಾಗದ ಬರೆದರು: ತನ್ನ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಜೇನ್‌ಳನ್ನೇ, ಅಂದರೆ ಮಿಸೆಸ್ ಬಿಂಗ್ಲಿಯನ್ನೇ ಹೋಲುವ ಚಿತ್ರ ಸಿಕ್ಕಿತು, ಬಿಳಿ ಗೌನು, ಹಸಿರು ಒಡವೆ. ಅವಳ ತಂಗಿ ಮಿಸೆಸ್ ಡಾರ್ಸಿಯನ್ನು ಹುಡುಕಿದೆ, ಸಿಗಲಿಲ್ಲ, ಅವಳು ಹಳದಿ ಉಟ್ಟಿರುತ್ತಾಳೆ. ಮನೆಯವರು ಕೇಳಿದರೆ ಉಳಿದ ತಂಗಿಯರಲ್ಲಿ ಕಿಟ್ಟಿ ಪಾದ್ರಿಯೊಬ್ಬರನ್ನು ಮದುವೆಯಾದಳು, ಮೇರಿಗೆ ಚಿಕ್ಕಪ್ಪನ ಆಫೀಸಿನ ಗುಮಾಸ್ತನೇ ಗತಿಯಾದ ಎಂದೆಲ್ಲ ಹೇಳುತ್ತಿದ್ದರಂತೆ. ಪುಸ್ತಕದಲ್ಲಿ ಇದ್ಯಾವುದೂ ಇಲ್ಲ. ಸೋದರಳಿಯ ಬರೆದಿಟ್ಟ ನೆನಪಿನಲ್ಲಿದೆ.

ಓದುಗರು ಗುಂಪುಕಟ್ಟಿ ಮದುವೆಗೆ ಪಟ್ಟು ಹಿಡಿದದ್ದು 1868ರಲ್ಲಿ, ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟಲ್ ವಿಮೆನ್’ ಮೊದಲ ಭಾಗ ಬಂದಾಗ. ನಾಯಕಿ ಜೋ ಪಕ್ಕದ ಮನೆಯ ಹುಡುಗ ಲಾರಿಯನ್ನೇ ಮದುವೆಯಾಗಬೇಕು ಎಂದು ಹುಡುಗಿಯರ ಕಾಗದಗಳು ಬಂದು ಬೀಳತೊಡಗಿದವು. ಯಾರನ್ನು ಮೆಚ್ಚಿಸಲೂ ಜೋಳನ್ನು ಲಾರಿಗೆ ಕೊಡುವುದಿಲ್ಲ ಎಂದು ಆಲ್ಕಾಟ್ ಅದೇ ನವೆಂಬರಿನಲ್ಲಿ ದಿನಚರಿಯಲ್ಲಿ ಬರೆದುಕೊಂಡರು. ಅವರಿಗೆ ಬೇಕಿದ್ದದ್ದು ಮದುವೆಯೇ ಆಗದೆ ಬರೆಯುತ್ತ ಉಳಿಯುವ ಜೋ. ಒತ್ತಡ ತಡೆಯಲಾಗದೆ, ಹಟಕ್ಕೆಂದೇ, ಅವಳಿಗೆ ವಯಸ್ಸಾದ ಜರ್ಮನ್ ಮೇಷ್ಟ್ರೊಬ್ಬರನ್ನು ಗಂಟುಹಾಕಿದೆ ಎಂದು ಮರುವರ್ಷ ಗೆಳತಿಗೆ ತಿಳಿಸಿದರು. ಓದುಗರು ಗೆದ್ದರೋ ಸೋತರೋ ಇವತ್ತಿಗೂ ತೀರ್ಮಾನವಾಗಿಲ್ಲ. ನನ್ನ ಮಟ್ಟಿಗೆ ಆ ಮೇಷ್ಟ್ರು ಪಾಪದವರು. ಯಾರದೋ ಸಿಟ್ಟಿಗೆ ಬಲಿಯಾದ ವರ.

ಕೊನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿ ಕೈತೊಳೆದುಕೊಂಡಿದ್ದರು. ಆಮೇಲೆ ನಾಟಕ ಬರೆಯಲು ಕುಳಿತ ವಿಲಿಯಂ ಜಿಲೆಟ್ ಎಂಬ ನಟ, ಹೋಮ್ಸ್‌ಗೆ ಮದುವೆ ಮಾಡಿಸಬಹುದೇ ಎಂದು ತಂತಿ ಕಳಿಸಿದ. ಮದುವೆಯಾದರೂ ಮಾಡಿ, ಕೊಲೆಯಾದರೂ ಮಾಡಿ, ನಿಮ್ಮಿಷ್ಟ ಎಂದು ಡಾಯ್ಲ್ ಉತ್ತರ ಕೊಟ್ಟರು. ಒಬ್ಬ ಲೇಖಕ ಇಷ್ಟು ನಿರಾಳವಾಗಿ ಕೀಲಿಕೈ ಎಸೆದದ್ದು ಅಪರೂಪ.

ಇವೆಲ್ಲ ಬಿಡಿ ಬಿಡಿ ಘಟನೆಗಳು. ಅಭಿಮಾನಿಗಳು ತಮಗಾಗಿ ತಾವೇ ಬರೆದು ಹಂಚಿಕೊಳ್ಳುವ ಏರ್ಪಾಡು ಹುಟ್ಟಿದ್ದು ‘ಸ್ಟಾರ್ ಟ್ರೆಕ್’ ಟೀವಿ ಸರಣಿಯಿಂದ. 1966ರ ಸೆಪ್ಟೆಂಬರಿನಲ್ಲಿ ಸರಣಿ ಶುರು, 1967ರಲ್ಲೇ ‘ಸ್ಪಾಕನೇಲಿಯಾ’ ಎಂಬ ಪತ್ರಿಕೆ. ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡಿ, ಪಿನ್ನು ಹೊಡೆದು, ಅಂಚೆಗೆ ಹಾಕುತ್ತಿದ್ದರು. ಕಾಗದದ ಖರ್ಚು, ಅಂಚೆಚೀಟಿಯ ಖರ್ಚು ಬಂದರೆ ಸಾಕು. ಹೀಗೆ ಬರೆಯುತ್ತಿದ್ದವರಲ್ಲಿ ಬಹುಪಾಲು ಹೆಂಗಸರು. 1969ರಲ್ಲಿ ಸರಣಿ 79 ಕಂತಿಗೆ ನಿಂತಿತು, ಪತ್ರಿಕೆಗಳು ನಿಲ್ಲಲಿಲ್ಲ. 1973ರಲ್ಲಿ ಪಾಲಾ ಸ್ಮಿತ್ ಇಂಥದೊಂದು ಪತ್ರಿಕೆಗೆ ಅಣಕದ ಕಥೆ ಬರೆದರು. ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸೂ ಸರಣಿಯ ಅಂತರಿಕ್ಷ ನೌಕೆಗೆ ಬರುತ್ತಾಳೆ, ಎಲ್ಲರ ಮನ ಗೆಲ್ಲುತ್ತಾಳೆ, ಎಲ್ಲರನ್ನೂ ಕಾಪಾಡಿ ಸಾಯುತ್ತಾಳೆ. ಬರೆಯುವವಳೇ ಕಥೆಯೊಳಗೆ ನುಗ್ಗಿ ಮೆರೆಯುವುದಕ್ಕೆ ಅಂದಿನಿಂದ ‘ಮೇರಿ ಸೂ’ ಅನ್ನುವ ಹೆಸರೇ ನಿಂತಿತು. ಮರುವರ್ಷ ಸರಣಿಯ ಇಬ್ಬರು ಗಂಡಸರು, ಕ್ಯಾಪ್ಟನ್ ಕರ್ಕ್ ಮತ್ತು ಸ್ಪಾಕ್, ಪ್ರೇಮಿಗಳಾದ ಮೊದಲ ಕಥೆ ಅಚ್ಚಾಯಿತು, ಹೆಸರು ಹೇಳದೆ, ಸುತ್ತುಬಳಸಿ. ಜೋಡಿಯ ಹೆಸರುಗಳ ನಡುವೆ ಓರೆಗೀಟು ಹಾಕುವ ರೂಢಿ ಬೆಳೆದದ್ದು ಅಲ್ಲಿಂದ. ಗಲಾಟೆಯೂ ಅಲ್ಲಿಂದಲೇ. 1981ರಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾ ಮಾಡಿದ ಸಂಸ್ಥೆ ಇಂಥ ಪತ್ರಿಕೆಗಳಿಗೆ ಪತ್ರ ಬರೆದು, ಅಶ್ಲೀಲವಾದದ್ದು ಬೇಡ ಎಂದು ಎಚ್ಚರಿಸಿತು. ಕಥೆ ಬರೆಯುವುದಕ್ಕೆ ತಕರಾರಿಲ್ಲ, ಇಂಥ ಕಥೆಗೆ ಮಾತ್ರ ತಕರಾರು.

ಇಷ್ಟದ ಜೋಡಿ ಒಂದಾಗಲಿ ಎಂದು ಪಟ್ಟು ಹಿಡಿಯುವುದಕ್ಕೆ ‘ಶಿಪ್’ ಎಂಬ ಮಾತು ಬಂದದ್ದು ತೊಂಬತ್ತರ ದಶಕದ ‘ಎಕ್ಸ್ ಫೈಲ್ಸ್’ ಟೀವಿ ಸರಣಿಯ ಅಭಿಮಾನಿಗಳಿಂದ. ಅದರ ನಾಯಕ ಮಲ್ಡರ್, ನಾಯಕಿ ಸ್ಕಲ್ಲಿ ಒಂದಾಗಲಿ ಎಂದವರು ‘ರಿಲೇಷನ್‌ಶಿಪ್ಪರ್‌’ಗಳು, ಆಮೇಲೆ ಬಾಲ ಮಾತ್ರ ಉಳಿಯಿತು. ಹಡಗಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಮುಂದೆ ಪಾಟರ್ ಅಭಿಮಾನಿಗಳು ತಮ್ಮ ಜೋಡಿಗಳಿಗೆ ಹಡಗಿನ ಹೆಸರನ್ನೇ ಇಟ್ಟುಕೊಂಡು ಸಮುದ್ರಕ್ಕಿಳಿದರು.

ಇಲ್ಲಿಂದ ಮುಂದಿನದಕ್ಕೆ ನಾನೂ ಅರ್ಧ ಸಾಕ್ಷಿ. ನಾಲ್ಕನೇ ಪಾಟರ್ ಪುಸ್ತಕ ಬಂದದ್ದು 2000ದ ಜುಲೈ, ಐದನೆಯದು 2003ರ ಜೂನ್. ನಡುವೆ ಸುಮಾರು ಮೂರು ವರ್ಷ ಖಾಲಿ. ಇಂಟರ್ನೆಟ್ಟು ಆಗಷ್ಟೇ ಮನೆಮನೆಗೆ ಬರುತ್ತಿದ್ದ ಕಾಲ, ಕೈಯಲ್ಲಿ ಅರ್ಧ ಕಥೆ, ಕಾಯುವ ಲಕ್ಷಾಂತರ ಮಕ್ಕಳು. ಏನಾಗಬೇಕೋ ಅದೇ ಆಯಿತು. ಐದನೇ ಪುಸ್ತಕವನ್ನು ಅವರೇ ಬರೆಯತೊಡಗಿದರು, ಒಂದಲ್ಲ ನೂರಾರು. ಕೆಲವು ಮೂಲಕ್ಕಿಂತ ದಪ್ಪ.

ನಾನಾಗ ದಾವಣಗೆರೆಯಲ್ಲಿ ಪಿಯುಸಿ. ಸೈಬರ್ ಕೆಫೆಗೆ ಗಂಟೆಗೆ 20 ರೂಪಾಯಿ, ಫ್ಲಾಪಿ ಹಾಕಬೇಕೆಂದರೆ ವೈರಸ್ ಚೆಕ್ಕಿಗೆ ಮೇಲೆ 5. ತೆರೆಯ ಮೇಲೆ ಓದುತ್ತ ಕೂತರೆ ದುಡ್ಡು ಕರಗುತ್ತದೆಂದು ನಾನೂ ಗೆಳತಿಯೂ ಒಂದು ಉಪಾಯ ಕಂಡುಕೊಂಡಿದ್ದೆವು. ಅಧ್ಯಾಯ ತೆರೆಯುವುದು, ಅಷ್ಟನ್ನೂ ಕಾಪಿ ಮಾಡುವುದು, ನೋಟ್‌ಪ್ಯಾಡಿಗೆ ಸುರಿಯುವುದು, ಮುಂದಿನದು. 1.44 ಎಂಬಿ ಫ್ಲಾಪಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಧ್ಯಾಯ ಹಿಡಿಯುತ್ತಿದ್ದವು. ಅವಳ ಅಣ್ಣನ ಕಂಪ್ಯೂಟರಿನಲ್ಲಿ, ಅವನು ಟ್ಯೂಷನ್ನಿಗೆ ಹೋದಾಗ ಓದಬೇಕು. ಫ್ಲಾಪಿ ಕೈಕೊಟ್ಟರೆ, ಕೊಡುತ್ತಲೇ ಇತ್ತು, ಆ ವಾರದ ಕಥೆ ಗೋವಿಂದ.

ಅವಳು ಹ್ಯಾರಿ–ಹರ್ಮಯೋನಿ ಪಕ್ಷ, ನಾನು ರಾನ್–ಹರ್ಮಯೋನಿ. ಈಗ ನಗು ಬರುತ್ತದೆ, ಆಗ ಎರಡು ದಿನ ಮಾತು ಬಿಟ್ಟದ್ದೂ ಉಂಟು. ನಾವಿಬ್ಬರೇ ಅಲ್ಲ. ಆ ದಿನಗಳಲ್ಲಿ ಈ ಎರಡು ಬಣಗಳು ಪುಸ್ತಕದ ಸಾಲು ಸಾಲನ್ನೂ ಜಾತಕ ನೋಡಿದಂತೆ ನೋಡಿ ಸಾಕ್ಷ್ಯ ಒಡ್ಡುತ್ತಿದ್ದವು. ಯಾರು ಯಾರ ಭುಜ ಮುಟ್ಟಿದರು, ಯಾರ ಹೆಸರು ಕೇಳಿ ಯಾರ ಕಿವಿ ಕೆಂಪಾಯಿತು. 2005ರಲ್ಲಿ ಆರನೇ ಪುಸ್ತಕ ಬಂದು ಗಾಳಿ ಯಾವ ಕಡೆ ಎಂದು ತಿಳಿಯಿತು. ಅದೇ ವಾರದ ಸಂದರ್ಶನದಲ್ಲಿ ಪ್ರಶ್ನೆ ಕೇಳುತ್ತಿದ್ದ ಅಭಿಮಾನಿಯೊಬ್ಬರು ಹ್ಯಾರಿ–ಹರ್ಮಯೋನಿ ಪಕ್ಷದವರದು ಭ್ರಮೆ ಎಂಬರ್ಥದ ಮಾತಾಡಿದರು. ಲೇಖಕಿ ಜೆ. ಕೆ. ರೌಲಿಂಗ್ ಆ ಪದ ಬಳಸಿರಲಿಲ್ಲ, ಆದರೂ ಅಲ್ಲಿ ಇದ್ದರಲ್ಲ ಎಂದು ಸಿಟ್ಟು ಅವರ ಮೇಲೂ ತಿರುಗಿತು. 2007ರಲ್ಲಿ ‘ಹತ್ತೊಂಬತ್ತು ವರ್ಷಗಳ ನಂತರ’ ಎಂಬ ಕೊನೆಯ ಅಧ್ಯಾಯ ಎಲ್ಲರ ಮದುವೆ, ಮಕ್ಕಳ ಹೆಸರುಗಳನ್ನು ಹೇಳಿ ಬಾಗಿಲು ಹಾಕಿತು.

ಹಾಕಿದಂತಾಯಿತು, ಅಷ್ಟೆ. ಅದೇ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ರೌಲಿಂಗ್, ಹ್ಯಾರಿಯ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಸಲಿಂಗಿ ಎಂದರು. ಪುಸ್ತಕದಲ್ಲಿ ಎಲ್ಲಿದೆ ಎಂದು ಒಂದು ಗುಂಪು, ಬರೆದವರೇ ಹೇಳಿದರಲ್ಲ ಎಂದು ಇನ್ನೊಂದು. 2014ರಲ್ಲಿ ಪತ್ರಿಕೆಯೊಂದಕ್ಕಾಗಿ ಹರ್ಮಯೋನಿ ಪಾತ್ರಧಾರಿ ಎಮ್ಮಾ ವಾಟ್ಸನ್ ಜೊತೆ ಮಾತಾಡುತ್ತ, ರಾನ್–ಹರ್ಮಯೋನಿ ಜೋಡಿ ತನ್ನ ವೈಯಕ್ತಿಕ ಆಸೆಯಿಂದ ಆದದ್ದು, ಕಥೆಯ ನ್ಯಾಯದಿಂದಲ್ಲ ಎಂಬ ಮಾತೂ ಬಂತು. ಅಂದು ಹನ್ನೊಂದು ವರ್ಷಗಳ ಮೇಲೆ ಗೆಳತಿಯ ಫೋನು. ಹಲೋ ಕೂಡ ಇಲ್ಲ, ‘ನೋಡ್ದೇನೇ?’ ಎಂದಳು. ಅಚ್ಚಾದದ್ದೇ ಅಂತಿಮ ಅಂತ ನಾನು ವಾದಿಸಿದೆ. ಮೊದಲು ಲೇಖಕಿ ಹೇಳಿದ್ದೇ ವೇದ ಅನ್ನುತ್ತಿದ್ದವಳು ನೀನೇ ಅಲ್ಲವೇ ಅಂದಳು. ಉತ್ತರ ಇರಲಿಲ್ಲ.

2007 ಇನ್ನೊಂದು ಕಾರಣಕ್ಕೂ ಮುಖ್ಯ. ಆ ಮೇ ತಿಂಗಳಲ್ಲಿ ಅಭಿಮಾನಿ ಕಥೆಗಳನ್ನು ವ್ಯಾಪಾರ ಮಾಡಹೊರಟ ಕಂಪನಿಯೊಂದು ಎದ್ದಿತು. ಅದೇ ತಿಂಗಳ ಕೊನೆಗೆ, ಅಭಿಮಾನಿಗಳು ಕೂಡಿದ್ದ ದೊಡ್ಡ ತಾಣವೊಂದರಿಂದ ಸುಮಾರು 500 ಖಾತೆಗಳು ರಾತ್ರೋರಾತ್ರಿ ಮಾಯವಾದವು. ಅಪರಾಧಕ್ಕೆ ಸಂಬಂಧಿಸಿದವನ್ನು ತೆಗೆಯಹೋಗಿ ಕಥೆಯವನ್ನೂ ಸಾಹಿತ್ಯ ಚರ್ಚೆಯವನ್ನೂ ಗುಡಿಸಿದ್ದರು. ಕೆಲವು ಆಮೇಲೆ ಮರಳಿ ಬಂದವು. ಬಾಡಿಗೆ ಮನೆಯಲ್ಲಿ ಎಷ್ಟು ದಿನ ಎಂಬ ಮಾತು ಬಲವಾಯಿತು. ಸ್ವಯಂಸೇವಕಿಯರೇ ಕೂತು, ಕೋಡ್ ಬರೆಯಲು ಕಲಿತು, ಚಂದಾ ಎತ್ತಿ, ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಭಂಡಾರ ಕಟ್ಟಿದರು. 2009ರ ನವೆಂಬರಿನಲ್ಲಿ ಬಾಗಿಲು ತೆರೆಯಿತು. ಜಾಹೀರಾತು ಇಲ್ಲ, ಮಾರಾಟ ಇಲ್ಲ. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥಾಸಾಹಿತ್ಯದ ಹ್ಯೂಗೋ ಪ್ರಶಸ್ತಿ ಬಂತು. 2020ರಲ್ಲಿ ನಟನೊಬ್ಬನ ಕುರಿತ ಕಥೆಯ ಬಗ್ಗೆ ಆತನ ಅಭಿಮಾನಿಗಳೇ ದೂರು ಕೊಟ್ಟ ಬೆನ್ನಿಗೆ ಚೀನಾದಲ್ಲಿ ಅದಕ್ಕೆ ತಡೆ ಬಿತ್ತು. ಈಗ ಅಲ್ಲಿರುವ ಕೃತಿಗಳು ಒಂದು ಕೋಟಿ ದಾಟಿವೆ.

ಪುಕ್ಕಟೆ ಎಂಬುದೇ ಇಡೀ ಏರ್ಪಾಡಿನ ಆಧಾರಕಂಬ. ದುಡ್ಡು ಮಾಡುತ್ತಿಲ್ಲ, ಮೂಲವನ್ನು ಬೇರೆ ರೂಪಕ್ಕೆ ತಿರುಗಿಸುತ್ತಿದ್ದೇವೆ ಎಂಬುದು ಕಾನೂನಿನ ಎದುರು ಅವರ ವಾದ. ಆ ಕಂಬವನ್ನು ಅಲುಗಿಸಿದ್ದು 2011–12ರಲ್ಲಿ ಬಂದ ಪ್ರಣಯ ಕಾದಂಬರಿ ತ್ರಿವಳಿ. ರಕ್ತಪಿಶಾಚಿಗಳ ಪ್ರೇಮಕಥೆಯೊಂದರ ಅಭಿಮಾನಿ ಬರಹವಾಗಿ ಹುಟ್ಟಿ, ನಂಬರು ಉಜ್ಜಿಕೊಂಡು, 10 ಕೋಟಿ ಪ್ರತಿಗೂ ಮೀರಿ ಮಾರಾಟವಾಯಿತು. ಬರೆದವರ ದುಡಿಮೆಗೆ ಬೆಲೆ ಬಂತಲ್ಲ ಎಂದವರಿದ್ದಾರೆ, ನಾನೂ ಪೂರ್ತಿ ಅಲ್ಲಗಳೆಯಲಾರೆ. ಆದರೆ ವಾರವಾರವೂ ಓದಿ, ತಿದ್ದಿ, ಹೀಗಲ್ಲ ಹಾಗೆ ಎಂದು ಕಥೆ ಬೆಳೆಸಿದ ನೂರಾರು ಓದುಗರಿಗೆ ಒಂದು ಬೆಳಗ್ಗೆ ಕಥೆಯೇ ಕಾಣದಾಗಿ, ಆಮೇಲೆ ಅದೇ ಅಂಗಡಿಯಲ್ಲಿ ಬೆಲೆಚೀಟಿ ಸಮೇತ ಸಿಕ್ಕರೆ ಒಳಗೆಲ್ಲೋ ಚುಚ್ಚುತ್ತದೆ. 2025ರ ಏಪ್ರಿಲಿನಲ್ಲಿ ಆ ಭಂಡಾರದ ಲಕ್ಷಾಂತರ ಕಥೆಗಳನ್ನು ಎಐ ತರಬೇತಿಯ ದತ್ತಾಂಶವಾಗಿ ಯಾರೋ ಗುಡ್ಡೆ ಹಾಕಿದಾಗ ಪ್ರತಿಭಟಿಸಿದವರಿಗೆ, ನೀವೂ ಕೇಳದೆ ತೆಗೆದುಕೊಂಡವರೇ ಅಲ್ಲವೇ ಎಂಬ ಕುಟುಕು ಎದುರಾಯಿತು. ಎರಡೂ ಒಂದೇ ಎಂದು ನನಗನ್ನಿಸುವುದಿಲ್ಲ. ಮಾವಿನ ತೋಪಿಗೆ ನುಗ್ಗಿ ಹಣ್ಣು ತಿನ್ನುವ ಹುಡುಗರು ಬೇರೆ, ಲಾರಿ ತಂದು ನಿಲ್ಲಿಸುವವರು ಬೇರೆ.

ನಮ್ಮ ದೇಶದ ಕಾನೂನು ಏನನ್ನುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಭಿಮಾನಿ ಕಥೆ ಎಂಬ ಮಾತೇ ಇಲ್ಲ. 52ನೇ ಕಲಮು ವಿಮರ್ಶೆಗೆ ಜಾಗ ಕೊಡುತ್ತದೆ, 57ನೆಯದು ಲೇಖಕರ ಮಾನಕ್ಕೆ ಕುಂದು ತರುವಂತೆ ಕೃತಿಯನ್ನು ತಿರುಚಬಾರದು ಎನ್ನುತ್ತದೆ. ಲೇಖಕರು ತೀರಿಕೊಂಡು 60 ವರ್ಷದ ತನಕ ಹಕ್ಕು ಉಳಿಯುತ್ತದೆ. ಹತ್ತಿರದ ಒಂದು ಉದಾಹರಣೆ ಕೇರಳದ್ದು. ತೋಪ್ಪಿಲ್ ಭಾಸಿಯವರ ಹೆಸರಾಂತ ಕಮ್ಯುನಿಸ್ಟ್ ನಾಟಕದ ಪಾತ್ರ, ಮಾತುಗಳನ್ನೇ ಎತ್ತಿಕೊಂಡು ಸಿವಿಕ್ ಚಂದ್ರನ್ ಅದಕ್ಕೆ ಎದುರು ನಾಟಕ ಬರೆದರು. ಮೂಲದ ಪಾತ್ರಗಳು ಮುಂದೆ ಏನಾದರು, ಪಕ್ಷ ಅವರಿಗೆ ಏನು ಕೊಟ್ಟಿತು ಎಂದು ಕೇಳುವ ನಾಟಕ. 1996ರಲ್ಲಿ ಕೇರಳ ಹೈಕೋರ್ಟು ಅದನ್ನು ನಕಲು ಎನ್ನಲಿಲ್ಲ, ಟೀಕೆಯ ಉದ್ದೇಶವನ್ನು ಒಪ್ಪಿತು. ಆದರೆ ಟೀಕಿಸಲು ಅಲ್ಲ, ಬರೀ ಪ್ರೀತಿಗೆ ಬರೆದರೆ? ಜಗಳಕ್ಕೆ ಸಿಕ್ಕಿದ ರಕ್ಷಣೆ ಪ್ರೀತಿಗೂ ಸಿಗುತ್ತದೆಂದು ಆ ತೀರ್ಪು ಓದಿ ಧೈರ್ಯವಾಗಿ ಹೇಳಲಾಗದು.

ಆ ಫ್ಲಾಪಿಗಳಲ್ಲಿ ನಾವು ಓದುತ್ತಿದ್ದ ಒಂದು ಕಥೆ 23ನೇ ಅಧ್ಯಾಯಕ್ಕೆ ನಿಂತಿತ್ತು. ಹರ್ಮಯೋನಿ ಮಳೆಯಲ್ಲಿ ತಡವಾದ ರೈಲಿಗೆ ಕಾಯುತ್ತ ನಿಂತಿದ್ದಾಳೆ, ಕೈಯಲ್ಲಿ ಒಡೆಯದ ಕಾಗದ. ಬರೆದವರ ಗುಪ್ತನಾಮ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಪರೀಕ್ಷೆ ಬಂತೋ, ಮದುವೆಯಾಯಿತೋ, ಬೇಸರ ಬಂತೋ. ಮೊನ್ನೆ ಹುಡುಕಿದರೆ ಕಥೆ ಇನ್ನೂ ಅಲ್ಲೇ ಇದೆ. ಕೆಳಗೆ ಯಾರೋ ಓದುಗರು ಹೋದ ವರ್ಷ ಬರೆದಿದ್ದಾರೆ: ನೀವು ಮುಗಿಸುವುದಿಲ್ಲವಾದರೆ ನಾನು ಮುಗಿಸಲೇ? ಯಾರೂ ಉತ್ತರ ಕೊಟ್ಟಿಲ್ಲ. ಲಿಂಕು ಗೆಳತಿಗೆ ಕಳಿಸಿದೆ. ‘ಆ ಕಾಗದ ಹ್ಯಾರಿದೇ’ ಎಂದು ಅರ್ಧ ನಿಮಿಷದಲ್ಲಿ ಮೆಸೇಜು ಬಂತು.