ಹಳದಿ ಡಾಲರಿನಲ್ಲಿ ಚಿನ್ನವಿಲ್ಲ, ಮ್ಯಾಂಗನೀಸ್ ಇದೆ

ಅಮೆರಿಕದಿಂದ ಬಂದ ನೆಂಟರು ಮಕ್ಕಳ ಕೈಗೆ ಹಳದಿ ಬಣ್ಣದ ಡಾಲರ್ ನಾಣ್ಯ ಕೊಡುವುದುಂಟು. ಅದರ ಮೇಲೆ ಅಮೆರಿಕದ ಮೂಲನಿವಾಸಿಗಳಾದ ಶೋಶೋನಿ ಬುಡಕಟ್ಟಿನ ಹೆಣ್ಣುಮಗಳು ಸಕಾಗವಿಯಾ, ಬೆನ್ನಿಗೆ ಕೂಸು ಕಟ್ಟಿಕೊಂಡು, ತಿರುಗಿ ನೋಡುತ್ತಿರುತ್ತಾಳೆ. ಕೆಲವರು ಇದನ್ನು ಚಿನ್ನದ್ದು ಅಂದುಕೊಂಡು ಬೀರುವಿನಲ್ಲಿ ಭದ್ರವಾಗಿ ಇಡುತ್ತಾರೆ. ಇದರಲ್ಲಿ ಗುಲಗಂಜಿಯಷ್ಟೂ ಚಿನ್ನವಿಲ್ಲ. ನೂರಕ್ಕೆ 88.5 ಪಾಲು ತಾಮ್ರ, 6 ಪಾಲು ಸತು, 3.5 ಮ್ಯಾಂಗನೀಸ್, 2 ನಿಕಲ್. ನಾಲ್ಕು ಕೈ ದಾಟಿದರೆ ಹೊಳಪು ಹೋಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಚಿನ್ನ ಹಾಗೆ ಆಗುತ್ತಾ?

ಬೆಲೆಬಾಳುವ ಲೋಹ ಇದ್ದದ್ದು ಹಳೆಯ ಡಾಲರ್‌ಗಳಲ್ಲಿ. 1878ರಿಂದ ಅಚ್ಚಾದ ಮಾರ್ಗನ್ ಡಾಲರ್ 26.73 ಗ್ರಾಂ ತೂಗುತ್ತಿತ್ತು, ಅದರಲ್ಲಿ 90 ಪಾಲು ಬೆಳ್ಳಿ. ಅದಕ್ಕೂ ನಮಗೂ ಒಂದು ನಂಟಿದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಭಾರತದ ಜನ ನೋಟು ವಾಪಸ್ ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದರು. ಸರ್ಕಾರದ ಬಳಿ ಅಷ್ಟು ಬೆಳ್ಳಿ ಇರಲಿಲ್ಲ. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ತಂದು 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿತು. ಬಹುಪಾಲು ಬೆಳ್ಳಿಯನ್ನು ಬ್ರಿಟನ್ ಕೊಂಡಿದ್ದೇ ಭಾರತಕ್ಕಾಗಿ. ನಿಮ್ಮ ಮನೆಯಲ್ಲಿ 1919ರ ಜಾರ್ಜ್ ದೊರೆಯ ರೂಪಾಯಿ ಇದ್ದರೆ, ಅದರ ಬೆಳ್ಳಿ ಹಿಂದೆ ಡಾಲರ್ ಆಗಿದ್ದಿರಬಹುದು.

ಹಳದಿ ನಾಣ್ಯದ ನಿಜವಾದ ಬೆರಗು ಮ್ಯಾಂಗನೀಸ್‌ನಲ್ಲಿದೆ. 1979ರಲ್ಲಿ ಮಹಿಳೆಯರ ಮತದ ಹಕ್ಕಿಗೆ ಹೋರಾಡಿದ ಸೂಸನ್ ಆಂಥನಿ ಚಿತ್ರದ ಡಾಲರ್ ಬಂತು. ಅಗಲ 26.5 ಮಿಲಿಮೀಟರ್. ಕಾಲು ಡಾಲರ್ 24.3 ಮಿಲಿಮೀಟರ್. ಎರಡೂ ಬಿಳಿ, ಎರಡರ ಅಂಚಿನಲ್ಲೂ ಗೀರು. ಜನ ಕಾಲು ಡಾಲರ್ ಅಂದುಕೊಂಡು ಡಾಲರನ್ನೇ ಕೊಟ್ಟು ಬೇಸತ್ತರು. ಹೊಸ ಡಾಲರ್ ಹಳದಿಯಾಗಿರಬೇಕು, ಅಂಚು ಬೇರೆ ಇರಬೇಕು ಎಂದು 1997ರಲ್ಲಿ ಕಾನೂನೇ ಆಯಿತು. ಆದರೆ ನಾಣ್ಯ ಹಾಕಿದರೆ ಸಾಮಾನು ಕೊಡುವ ವೆಂಡಿಂಗ್ ಮಷಿನ್‌ಗಳಿಗೆ ಮಾತ್ರ ಆಂಥನಿ ಡಾಲರ್, ಹೊಸ ಡಾಲರ್ ಎರಡೂ ಒಂದೇ ಅನಿಸಬೇಕಿತ್ತು!

ಮಷಿನ್ ನಾಣ್ಯದ ಬಣ್ಣ, ಚಿತ್ರ ನೋಡುವುದಿಲ್ಲ. ನಾಣ್ಯ ಒಳಗೆ ಜಾರುವಾಗ ತಂತಿಯ ಸುರುಳಿಯ ಪಕ್ಕ ಹಾದುಹೋಗುತ್ತದೆ. ಸುರುಳಿಯ ಕಾಂತಕ್ಷೇತ್ರ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಿರುತ್ತದೆ. ಆಗ ಲೋಹದೊಳಗೆ, ಹೊಳೆಯಲ್ಲಿ ನೀರು ತಿರುಗುವ ಹಾಗೆ, ವಿದ್ಯುತ್ತಿನ ಸುಳಿಗಳು ಏಳುತ್ತವೆ. ಈ ಸುಳಿಗಳ ಕಾಂತಕ್ಷೇತ್ರ ಸುರುಳಿಗೆ ಎದುರು ನಿಲ್ಲುತ್ತದೆ. ಎಷ್ಟು ಎದುರು ನಿಂತಿತು ಎಂಬುದನ್ನು ಅಳೆದರೆ ಲೋಹ ಯಾವುದು ಅಂತ ಗೊತ್ತಾಗುತ್ತದೆ. ಕ್ಷೇತ್ರ ದಿಕ್ಕು ಬದಲಿಸುವ ವೇಗ ಜಾಸ್ತಿ ಮಾಡಿದರೆ ಸುಳಿ ನಾಣ್ಯದ ಮೇಲ್ಪದರದಲ್ಲೇ ನಿಲ್ಲುತ್ತದೆ. ಕಮ್ಮಿ ಮಾಡಿದರೆ ಒಡಲಿಗೂ ಇಳಿಯುತ್ತದೆ. ಹಾಗಾಗಿ ಮೇಲಿನ ಪದರವನ್ನೂ ಒಳಗಿನ ತಿರುಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದು.

ಆಂಥನಿ ಡಾಲರಿಗೆ ತಾಮ್ರದ ತಿರುಳು, ಮೇಲೆ ತಾಮ್ರ ಮತ್ತು ನಿಕಲ್ ಬೆರೆತ ಪದರ. ಆ ಪದರದಲ್ಲಿ ವಿದ್ಯುತ್ ಅಷ್ಟು ಸಲೀಸಾಗಿ ಹರಿಯುವುದಿಲ್ಲ. ಮಾಮೂಲಿ ಹಿತ್ತಾಳೆಯಲ್ಲಿ ಚೆನ್ನಾಗಿ ಹರಿಯುತ್ತದೆ. ಹೊಸ ನಾಣ್ಯಕ್ಕೆ ಬರೀ ಹಿತ್ತಾಳೆ ಹೊದಿಸಿದ್ದರೆ ಮಷಿನ್ ಉಗುಳಿಬಿಡುತ್ತಿತ್ತು. ಮ್ಯಾಂಗನೀಸ್ ಸೇರಿಸಿದಾಗ ವಿದ್ಯುತ್ತಿನ ಹರಿವು ತಗ್ಗಿತು, ಹಳದಿ ಬಣ್ಣ ಉಳಿಯಿತು. ಕಣ್ಣಿಗೆ ಹೊಸದು, ಮಷಿನ್‌ಗೆ ಹಳೆಯದು. ಲೋಹಶಾಸ್ತ್ರದಲ್ಲಿ ಇಷ್ಟು ಚೆಂದದ ಕೆಲಸ ಅಪರೂಪ.

ಇಷ್ಟಾದರೂ 2000ದಲ್ಲಿ ಬಂದ ಈ ನಾಣ್ಯ ಅಮೆರಿಕದಲ್ಲಿ ಓಡಲಿಲ್ಲ. ಇದನ್ನು ನಾಣ್ಯದ ತಪ್ಪು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೆನಡಾ 1987ರಲ್ಲಿ ಡಾಲರ್ ನಾಣ್ಯ ತಂದು 1989ರಲ್ಲಿ ನೋಟು ನಿಲ್ಲಿಸಿತು, ನಾಣ್ಯ ಓಡಿತು. ಅಮೆರಿಕ ನೋಟು ನಿಲ್ಲಿಸಲೇ ಇಲ್ಲ. 2011ರ ಹೊತ್ತಿಗೆ ಸುಮಾರು 140 ಕೋಟಿ ಡಾಲರ್ ನಾಣ್ಯಗಳು ತಿಜೋರಿಯಲ್ಲಿ ಸುಮ್ನೆ ಬಿದ್ದಿದ್ದವು. ಅದೇ ಸಕಾಗವಿಯಾ, 2000ದಲ್ಲಿ ಡಾಲರನ್ನೇ ತನ್ನ ಹಣ ಮಾಡಿಕೊಂಡ ಈಕ್ವೆಡಾರ್‌ನಲ್ಲಿ ದಿನನಿತ್ಯದ ಚಿಲ್ಲರೆಯಾಗಿ ಓಡಾಡುತ್ತಾಳೆ.