ವರ್ಡ್‌ನಲ್ಲಿ ಚೆಂದವಿದ್ದ ಪುಸ್ತಕ ಇ-ಪಬ್‌ನಲ್ಲಿ ಕೆಟ್ಟಿದ್ದೇಕೆ?

ಪ್ರಶ್ನೆ: ನನ್ನ ಕಥಾಸಂಕಲನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲ್. ಇ-ಪುಸ್ತಕ ಸಿದ್ಧಪಡಿಸುವ ಸಿಜಿಲ್ ಎಡಿಟರ್‌ಗೆ ಡಾಕ್ಸ್‌ಇಂಪೋರ್ಟ್ ಪ್ಲಗಿನ್ (ವರ್ಡ್ ಫೈಲನ್ನು ಒಳತರುವ ಸೇರ್ಪಡೆ) ಹಾಕಿ ಇ-ಪಬ್ (ಇ-ಪುಸ್ತಕದ ಕಡತ ರೂಪ) ಮಾಡಿದೆ. ಕನ್ನಡವೆಲ್ಲ ವಿಚಿತ್ರ ಚಿಹ್ನೆಗಳಾಗಿದೆ, ಪರಿವಿಡಿಯಲ್ಲಿ ಒಂದು ಕಥೆಯ ಹೆಸರೂ ಇಲ್ಲ. ಪ್ಲಗಿನ್ ಕೆಟ್ಟಿದೆಯೆ?

ಉತ್ತರ: ಇಲ್ಲ, ಪ್ಲಗಿನ್ ತನ್ನ ಕೆಲಸ ಮಾಡಿದೆ. ಅದರ ಒಳಗಿರುವುದು ಮ್ಯಾಮತ್ ಎಂಬ ಪರಿವರ್ತಕ. ಅಕ್ಷರದ ಗಾತ್ರ, ಬಣ್ಣ, ಫಾಂಟ್ ಯಾವುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ಯಾರಾಕ್ಕೆ ಯಾವ ಸ್ಟೈಲ್ (ವರ್ಡ್‌ನಲ್ಲಿ ಹೆಸರಿಟ್ಟ ವಿನ್ಯಾಸ) ಕೊಟ್ಟಿದ್ದೀರಿ ಎಂಬುದನ್ನೇ ಮುಖ್ಯವಾಗಿ ನೋಡುತ್ತದೆ.

ನಿಮ್ಮ ಎರಡೂ ತೊಂದರೆಗಳ ಬೇರು ಅಲ್ಲಿಯೇ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ‘ನ’ ಒತ್ತಿದರೆ ಫೈಲಿನೊಳಗೆ ಕೂರುವುದು ಬ್ರಿಟಿಷ್ ಪೌಂಡ್ ಚಿಹ್ನೆ, ಜೊತೆಗೊಂದು ಲ್ಯಾಟಿನ್ ಅಕ್ಷರ. ಕನ್ನಡದ ವೇಷ ಹಾಕಿಸುವುದು ಫಾಂಟು. ಪ್ಲಗಿನ್ ವೇಷ ಕಳಚಿತು, ಪೌಂಡ್ ಉಳಿಯಿತು. ಹಾಗಾಗಿ ಮೊದಲು, ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತವಿರುವ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ನುಡಿ, ಬರಹ ಎರಡೂ ತಂತ್ರಾಂಶಗಳಲ್ಲಿ ಪರಿವರ್ತಕ ಸಿಗುತ್ತದೆ. ಆದರೆ ಇಡೀ ಕಡತವನ್ನು ಕಣ್ಣುಮುಚ್ಚಿ ಕೊಟ್ಟರೆ ನಡುವೆ ಇರುವ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕೂತು ಓದಲೇಬೇಕು. ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತುವ ಅಭ್ಯಾಸ ನಿಮಗಿದ್ದರೆ ಅದನ್ನೂ ತಿದ್ದಿ. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು, ಆದರೆ ಓದುಗ ಆ ಪದ ಹುಡುಕಿದರೆ ಸಿಗುವುದಿಲ್ಲ.

ಇನ್ನು ತಲೆಬರಹ. ದಪ್ಪ ಮಾಡಿ, 18 ಪಾಯಿಂಟ್‌ಗೆ ಏರಿಸಿ, ನಡುವೆ ಕೂರಿಸಿದ ಸಾಲು ಮನುಷ್ಯರಿಗೆ ತಲೆಬರಹ, ಪ್ಲಗಿನ್‌ಗೆ ಮಾಮೂಲಿ ಪ್ಯಾರಾ. ವರ್ಡ್‌ನಲ್ಲೇ ಪ್ರತಿ ಕಥೆಯ ಹೆಸರಿಗೂ ‘ಹೆಡಿಂಗ್ 1’ ಸ್ಟೈಲ್ ಕೊಡಿ. ಬೇಸರದ ಕೆಲಸ, ಆದರೆ ಹನ್ನೆರಡು ಕಥೆಗೆ ಹತ್ತು ನಿಮಿಷ ಸಾಕು. ಕಥೆಯೊಳಗೆ ಪದ್ಯವಿದ್ದರೆ ಅದಕ್ಕೆ ‘ಪದ್ಯ’ ಎಂಬ ಸ್ವಂತ ಸ್ಟೈಲ್ ಮಾಡಿ, ಪ್ಲಗಿನ್‌ನ ಸ್ಟೈಲ್ ಮ್ಯಾಪ್‌ನಲ್ಲಿ (ವರ್ಡ್ ಸ್ಟೈಲ್ ಇ-ಪಬ್‌ನಲ್ಲಿ ಏನಾಗಬೇಕೆಂಬ ಪಟ್ಟಿ) ಅದಕ್ಕೊಂದು ಕ್ಲಾಸ್ ಹೆಸರು, ಎಂದರೆ ಗುರುತಿನ ಹೆಸರು ಕೊಡಿ. ಎಷ್ಟು ಒಳಕ್ಕೆ ಸರಿಸಬೇಕು ಎಂಬುದನ್ನು ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಬರೆದರಾಯಿತು. ಪದ್ಯದ ಸಾಲು ಮುರಿಯಲು ಶಿಫ್ಟ್-ಎಂಟರ್ ಬಳಸಿ; ಬರೀ ಎಂಟರ್ ಒತ್ತಿದರೆ ಪ್ರತಿ ಸಾಲೂ ಬೇರೆ ಪ್ಯಾರಾ.

ಕಡತವನ್ನು ಡಾಕ್ಸ್ (.docx) ರೂಪದಲ್ಲೇ ಉಳಿಸಿ, ಹಳೆಯ ಡಾಕ್ (.doc) ಬೇಡ. ಇಂಪೋರ್ಟ್ ಆದ ಮೇಲೆ ಕಥೆಗಳೆಲ್ಲ ಒಂದೇ ಉದ್ದ ಪುಟದಲ್ಲಿದ್ದರೆ ಗಾಬರಿಯಾಗಬೇಡಿ, ಸಿಜಿಲ್‌ನಲ್ಲಿ ಪ್ರತಿ ತಲೆಬರಹದ ಮುಂದೆ ಕತ್ತರಿಸಿ, ಆಮೇಲೆ ಪರಿವಿಡಿ ಹುಟ್ಟಿಸಿ. ಮೆಟಾಡೇಟಾದಲ್ಲಿ (ಪುಸ್ತಕದ ವಿವರಗಳಲ್ಲಿ) ಭಾಷೆ ಕನ್ನಡ ಎಂದಿರಲಿ.

ಫಾಂಟ್ ಸೇರಿಸುವುದಾದರೆ ನೋಟೊ ಸೆರಿಫ್ ಕನ್ನಡ ಒಳ್ಳೆಯದು, ಮುಕ್ತ ಪರವಾನಗಿಯದ್ದು. ವಿಂಡೋಸ್ ಜೊತೆ ಬಂದ ತುಂಗಾವನ್ನು ಪುಸ್ತಕದೊಳಗೆ ಹಾಕಿ ಹಂಚುವ ಗೋಜಿಗೆ ನಾನಂತೂ ಹೋಗುವುದಿಲ್ಲ. ಕೊನೆಗೆ ಇ-ಪಬ್ ಅನ್ನು ಕಂಪ್ಯೂಟರಿನಲ್ಲಿ ಮಾತ್ರ ನೋಡದೆ ನುಡಿ ಹಾಕಿಲ್ಲದ ಯಾರದಾದರೂ ಫೋನಿಗೆ ಕಳಿಸಿ, ‘ರ್ಕ’, ‘ಕ್ಷ್ಮ’ ಇರುವ ಪುಟ ತೆರೆಸಿ ನೋಡಿ.